ಅಜ್ಜಿಯ ಬೈಬಲಿಗೆ ಸೋಪು ಹಚ್ಚಿದ ದಿನ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 34 ಜನ ಇದ್ದೇವೆ. ದಿನಾ ಬರುವುದು ಗುಡ್ ಮಾರ್ನಿಂಗ್ ಹೂವು, ಅಡಿಕೆ ರೇಟು, ಯಾರದೋ ಮದುವೆಯ ಫೋಟೋ. 2026ರ ಫೆಬ್ರವರಿ 3ರ ಮಂಗಳವಾರ ಮಾತ್ರ ಬೆಳಿಗ್ಗೆ ಹತ್ತಿಕೊಂಡ ಜಗಳ ರಾತ್ರಿ ಹತ್ತೂವರೆ ತನಕ ನಡೆಯಿತು. ತೋಟದಲ್ಲಿ ನೆಟ್‌ವರ್ಕ್ ಸಿಗದೆ ಮಿಸ್ ಮಾಡಿಕೊಂಡವರು "ಏನಾಯ್ತು, ಯಾರು ಯಾರಿಗೆ ಬೈದರು" ಎಂದು ಕೇಳುತ್ತಲೇ ಇದ್ದಾರೆ. ಅದಕ್ಕೇ ಇಲ್ಲಿ ಎತ್ತಿ ಹಾಕುತ್ತಿದ್ದೇನೆ. ಹೆಸರುಗಳು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಇವೆ. ಆಮೆನ್, ಹೆಬ್ಬೆರಳು, ಕೈಮುಗಿದ ಚಿತ್ರ ಇವನ್ನೆಲ್ಲ ತೆಗೆದಿದ್ದೇನೆ, ಇಲ್ಲದಿದ್ದರೆ ಇದು ಮುಗಿಯುವುದಿಲ್ಲ.

ಸಾಗರದ ಮಾವ (6:42): *ಹಲವು ಬಾರಿ ಫಾರ್ವರ್ಡ್ ಆಗಿದೆ* 1942ರಲ್ಲಿ ಒಂದು ದೊಡ್ಡ ಹಡಗು ಮುಳುಗಿತು. ಅದರಲ್ಲಿದ್ದ 4 ಜನ ಪಾಸ್ಟರುಗಳು ದೇವರು ಕಾಪಾಡುತ್ತಾನೆ ಎನ್ನುವ ಬೈಬಲಿನ 91ನೇ ಕೀರ್ತನೆ ಹೇಳುತ್ತಾ ತಮ್ಮ ಲೈಫ್ ಜಾಕೆಟ್ ಬಿಚ್ಚಿ ಬೇರೆಯವರಿಗೆ ಕೊಟ್ಟರು. ಆ ಜಾಕೆಟ್ ಹಾಕಿಕೊಂಡ 4 ಜನರೂ ಬದುಕಿದರು. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಇವತ್ತು ದೇವರ ಸೇವಕರು!! ನಿಮ್ಮ ಕುಟುಂಬಕ್ಕೂ ಈ ಆಶೀರ್ವಾದ ಬೇಕಾದರೆ 10 ಜನರಿಗೆ ಕಳಿಸಿ.

ತೀರ್ಥಹಳ್ಳಿ ಚಿಕ್ಕಪ್ಪ (7:15): ಭಾವ, 9 ಜನರಿಗೆ ಕಳಿಸಿದೆ. ಹತ್ತನೆಯವನು ನನ್ನನ್ನು ಬ್ಲಾಕ್ ಮಾಡಿದ್ದಾನೆ. ಆಶೀರ್ವಾದ ಹತ್ತರಲ್ಲಿ ಒಂಬತ್ತು ಪಾಲಾದರೂ ಬರುತ್ತದಾ?

ಸಾಗರದ ಮಾವ: ನಿನಗೆ ಎಲ್ಲದರಲ್ಲೂ ತಮಾಷೆ.

ನಾನು (7:31): ಮಾವ, ಘಟನೆ ನಿಜ. ಮೆಸೇಜಿನಲ್ಲಿರುವುದು ಅರ್ಧ ಸುಳ್ಳು. ಹಡಗಿನ ಹೆಸರು ಡಾರ್ಚೆಸ್ಟರ್. 1943ರ ಫೆಬ್ರವರಿ 3, ಅಂದರೆ ಇವತ್ತಿನ ತಾರೀಖೇ. ಗ್ರೀನ್‌ಲ್ಯಾಂಡ್ ಕಡೆ ಹೋಗುತ್ತಿದ್ದ ಅಮೆರಿಕದ ಸೇನೆಯ ಹಡಗು. ನಡುರಾತ್ರಿ ಕಳೆದ ಮೇಲೆ ಜರ್ಮನ್ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಹಡಗಿನಲ್ಲಿ ಇದ್ದವರು 902, ಉಳಿದವರು 230. ಜಾಕೆಟ್ ಹಾಕಿಕೊಂಡೇ ಮಲಗಿ ಎಂದು ಕ್ಯಾಪ್ಟನ್ ಹೇಳಿದ್ದ. ಒಳಗೆ ಸೆಖೆ ಎಂದು ಎಷ್ಟೋ ಜನ ಬಿಚ್ಚಿಟ್ಟು ಮಲಗಿದ್ದರು. ಆಮೇಲೆ ಡೆಕ್ ಮೇಲೆ ಹಂಚುವಾಗ ಜಾಕೆಟ್ ಸಾಲಲಿಲ್ಲ. ಆಗ ಈ 4 ಜನ ತಮ್ಮದನ್ನು ಬಿಚ್ಚಿ ಕೊಟ್ಟರು. ಅಷ್ಟು ನಿಜ. 4 ಜನರೂ ಸೇನೆಯ ಧರ್ಮಗುರುಗಳು, ಆದರೆ ಎಲ್ಲರೂ ಪಾಸ್ಟರ್ ಅಲ್ಲ. ಜಾರ್ಜ್ ಫಾಕ್ಸ್ ಮೆಥಡಿಸ್ಟ್, ಕ್ಲಾರ್ಕ್ ಪೋಲಿಂಗ್ ರಿಫಾರ್ಮ್ಡ್ ಸಭೆ, ಜಾನ್ ವಾಷಿಂಗ್ಟನ್ ಕಥೋಲಿಕ್ ಫಾದರ್, ಅಲೆಕ್ಸಾಂಡರ್ ಗೂಡ್ ಯೆಹೂದಿ ರಬ್ಬಿ. ಇನ್ನು 91 ಹೇಳಿದ್ದು, ಮೊಮ್ಮಕ್ಕಳೆಲ್ಲ ಸೇವಕರಾದದ್ದು, ಅದು ಯಾರೋ ಉಪ್ಪು ಖಾರ ಹಚ್ಚಿದ್ದು.

ತೀರ್ಥಹಳ್ಳಿ ಚಿಕ್ಕಪ್ಪ: ರಬ್ಬಿಗೆ ದೀಕ್ಷಾಸ್ನಾನ ಮಾಡಿಸಿಬಿಟ್ಟಿದ್ದಾರೆ ಫಾರ್ವರ್ಡ್‌ನವರು. ಸತ್ತ ಮೇಲೆ.

ಸಾಗರದ ಮಾವ: ಸಂದೇಶ ಮುಖ್ಯ, ವಿವರ ಅಲ್ಲ.

ನಾನು: ವಿವರವೇ ಸಂದೇಶ ಅಲ್ವಾ ಮಾವ? ಜಾಕೆಟ್ ಕೊಡುವಾಗ ಇವನು ನಮ್ಮವನಾ ಅಂತ ಅವರು ಕೇಳಲಿಲ್ಲ.

(ಇಲ್ಲಿಗೆ ನಿಲ್ಲಬೇಕಿತ್ತು. ನಿಲ್ಲುತ್ತಿತ್ತು ಕೂಡ. ಬೆಂಗಳೂರು ಅಣ್ಣ ಆಫೀಸಿನ ಕ್ಯಾಬ್‌ನಲ್ಲಿ ಬೆಳ್ಳಂದೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ. ಅವನಿಗೆ ಟೈಪ್ ಮಾಡಲು ಒಂದೂಕಾಲು ಗಂಟೆ ಸಿಕ್ಕಿತು.)

ಬೆಂಗಳೂರು ಅಣ್ಣ (8:50): ಸುಮ್ನೆ ತಪ್ಪು ಹುಡುಕಬೇಡಿ. 91ರ ಶಕ್ತಿ ನಮ್ಮ ಮನೆಗೇ ಗೊತ್ತು. ಅಜ್ಜ 71ರ ಯುದ್ಧದಿಂದ ಬದುಕಿ ಬಂದದ್ದು ಹೇಗೆ? ಮೈನ್ ಮೇಲೆ ನಡೆದವರು ಅವರು. ಪಾದ್ರಿ ಅವರಿಗೆ 91 ಹೇಳಿಕೊಟ್ಟಿದ್ದರು. ನಮ್ಮ ಚರ್ಚಿನಲ್ಲಿ ನಾನು ಇದನ್ನು ಸಾಕ್ಷಿ ಹೇಳಿದ್ದೇನೆ. ಒಬ್ಬ ಆರ್ಮಿ ಪಾದ್ರಿ ಒಂದು ಕೀರ್ತನೆ ಕೊಟ್ಟ, ಮೂರು ತಲೆಮಾರು ನಂಬಿಕೆಯಲ್ಲಿ ನಿಂತಿತು.

ಭದ್ರಾವತಿ ಅತ್ತೆ (8:53): ಯಾರು ಹೇಳಿದರು ನಿನಗೆ?

ಬೆಂಗಳೂರು ಅಣ್ಣ: ಎಲ್ಲರಿಗೂ ಗೊತ್ತಿರುವುದೇ ಅತ್ತೆ.

ಭದ್ರಾವತಿ ಅತ್ತೆ: ನನಗೆ ಗೊತ್ತಿಲ್ಲ. ನಾನು ಅವರ ದೊಡ್ಡ ಮಗಳು. ಅಪ್ಪ ಮನೆಯಲ್ಲಿ 91 ಓದಲು ಬಿಡುತ್ತಿರಲಿಲ್ಲ. ಕುಟುಂಬ ಪ್ರಾರ್ಥನೆಯಲ್ಲಿ ಸರದಿ ಪ್ರಕಾರ ಓದುತ್ತಾ ಬಂದರೂ 90 ಆದ ಮೇಲೆ 92. ನಾವು ಮಕ್ಕಳು ಅದನ್ನು ಹಾರು ಕೀರ್ತನೆ ಎನ್ನುತ್ತಿದ್ದೆವು.

ಪುಟ್ಟಿ ಮಣಿಪಾಲ (9:20): ನಾನು ಡ್ಯೂಟಿಯಲ್ಲಿದ್ದೇನೆ, ಜಾಸ್ತಿ ಬರೆಯಲು ಆಗುವುದಿಲ್ಲ. ಕೋವಿಡ್ ಟೈಮಿನಲ್ಲಿ ಮನೆಯವರು 91ರ ಪ್ರಿಂಟ್ ಕಳಿಸುತ್ತಿದ್ದರು, ಬೆಡ್ ಪಕ್ಕ ಅಂಟಿಸಿ ಸಿಸ್ಟರ್ ಎಂದು. ಮಾರಕವ್ಯಾಧಿ ನಿನ್ನ ಹತ್ತಿರ ಬರದು ಅಂತ ಇದೆಯಲ್ಲ, ಆ ಸಾಲಿಗೆ ಹೈಲೈಟರ್ ಬೇರೆ. ಬೆಡ್ ಖಾಲಿ ಆದ ಮೇಲೆ ಅದನ್ನು ಕಿತ್ತವಳು ನಾನು. ಆ ಹಾಳೆಯನ್ನು ಮನೆಯವರಿಗೆ ವಾಪಸ್ ಕೊಡಬೇಕಾ ಬೇಡವಾ ಅಂತ ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಸೊರಬದ ಅತ್ತಿಗೆ: ನಮ್ಮ ಕಡೆ ಉಣ್ಣಿ ಕಚ್ಚಿ ಮಂಗನ ಕಾಯಿಲೆ ಬಂದಾಗಲೂ ಬಾಗಿಲಿಗೆ ಅದನ್ನೇ ಅಂಟಿಸುತ್ತಾರೆ. ಪಕ್ಕದ ಮನೆಯವರು ಮಾರಿಕಾಂಬೆಗೆ ಹೇಳಿಕೊಳ್ಳುತ್ತಾರೆ. ಇಬ್ಬರೂ ಕಾಡಿಗೆ ಹೋಗುವಾಗ ಉಣ್ಣಿಗೆ ಎಣ್ಣೆ ಹಚ್ಚಿಕೊಂಡೇ ಹೋಗುವುದು.

(ಮಧ್ಯಾಹ್ನದ ಜಗಳ ಬೇರೆ ದಾರಿ ಹಿಡಿಯಿತು. ಆರ್ಮಿಯ ಪಾದ್ರಿ ಎಂದರೆ ಯಾರು ಎಂದು ಯಾವುದೋ ಚಿಕ್ಕ ಹುಡುಗ ಕೇಳಿದ. ಚಿಕ್ಕಪ್ಪ ಮೇಷ್ಟ್ರು, ಬಿಡುತ್ತಾರಾ?)

ತೀರ್ಥಹಳ್ಳಿ ಚಿಕ್ಕಪ್ಪ (13:10): ನಮ್ಮ ಸೇನೆಯಲ್ಲಿ ಅವರಿಗೆ ಧರ್ಮಗುರು ಎಂದು ಹೆಸರು. ಪಂಡಿತರು, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು, ಎಲ್ಲರೂ ಇದ್ದಾರೆ. ಆ ಹಡಗಿನ 4 ಜನ ಲೆಫ್ಟಿನೆಂಟ್‌ಗಳು, ಅಂದರೆ ಆಫೀಸರ್. ನಮ್ಮಲ್ಲಿ ಜೆಸಿಒ, ಅಂದರೆ ಆಫೀಸರಿಗಿಂತ ಕೆಳಗಿನ ದರ್ಜೆ, ನಾಯಬ್ ಸುಬೇದಾರ್ ರ‍್ಯಾಂಕ್. ಪುಣೆಯ ಒಂದೇ ಸಂಸ್ಥೆಯಲ್ಲಿ ಎಲ್ಲ ಧರ್ಮದವರಿಗೂ ಒಟ್ಟಿಗೆ ತರಬೇತಿ. ಪೂಜೆ ಪ್ರಾರ್ಥನೆ ಮಾತ್ರ ಅಲ್ಲ, ಆಸ್ಪತ್ರೆಯಲ್ಲಿ ಗಾಯಾಳುಗಳ ಹತ್ತಿರ ಕೂರುವುದು, ಸತ್ತವರ ಮಣ್ಣು ನೋಡುವುದು, ಎಲ್ಲಾ ಅವರದೇ ಕೆಲಸ.

ಸಾಗರದ ಮಾವ: ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತಲ್ಲ ಆ ಕ್ರೈಸ್ತ ಲೆಫ್ಟಿನೆಂಟ್ ಕೇಸು. ರೆಜಿಮೆಂಟಿನ ಗರ್ಭಗುಡಿಯೊಳಗೆ ಬರಲ್ಲ ಎಂದ, 2021ರಲ್ಲಿ ಕೆಲಸ ಹೋಯಿತು. ಹೈಕೋರ್ಟಿನಲ್ಲೂ ಸೋತ, ಅಲ್ಲೂ ಸೋತ.

ಬೆಂಗಳೂರು ಅಣ್ಣ: ಆತ ತನ್ನ ನಂಬಿಕೆಗೆ ನಿಂತ. ಅದರಲ್ಲಿ ತಪ್ಪೇನು?

ಸಾಗರದ ಮಾವ: ಪಾಸ್ಟರ್ ಹೇಳಿದರೂ ಕೇಳಲಿಲ್ಲವಲ್ಲ ಎಂದು ಕೋರ್ಟೇ ಕೇಳಿದೆ. ನಿಮ್ಮ ಅಜ್ಜ ಮಂದಿರ್ ಪರೇಡಿಗೆ (ಸೈನಿಕರೆಲ್ಲ ಸೇರುವ ಪೂಜೆ) ಹೋಗಿ ಪ್ರಸಾದ ತಿಂದು ಬರುತ್ತಿದ್ದರು. ಅವರ ನಂಬಿಕೆ ಏನು ಕರಗಿತೇ?

ತೀರ್ಥಹಳ್ಳಿ ಚಿಕ್ಕಪ್ಪ: ಪಾಸ್ಟರ್ ಹೇಳಿದ್ದೇ ಕೊನೆ ಮಾತಾದರೆ ಪೋಪರ ವಿರುದ್ಧ ನಿಂತ ಮಾರ್ಟಿನ್ ಲೂಥರ್ ಮನೆಯಲ್ಲೇ ಕೂತಿರಬೇಕಿತ್ತು ಭಾವ. ನಾವೂ ನೀವೂ ಪ್ರಾಟೆಸ್ಟೆಂಟ್ ಆಗುತ್ತಿರಲಿಲ್ಲ.

ಅಮ್ಮ (13:48): ನಾನು ಅಡ್ಮಿನ್. ಕೋರ್ಟಿನ ಮಾತು ಇಲ್ಲಿಗೆ ಸಾಕು. ಇನ್ನೊಂದು ಮೆಸೇಜ್ ಬಂದರೆ ಗುಂಪಿಗೆ ಬೀಗ ಹಾಕುತ್ತೇನೆ.

(ಅಮ್ಮನಿಗೆ ಬೀಗ ಹಾಕಲು ಬರುವುದಿಲ್ಲ. ನನ್ನನ್ನೇ ಕೇಳುತ್ತಾಳೆ. ಆದರೂ ಎಲ್ಲರೂ ಹೆದರಿದರು.)

ಭದ್ರಾವತಿ ಅತ್ತೆ (15:30): ಎಲ್ಲ ಬಿಡಿ. ಕಳೆದ ಮಾರ್ಚಿನಲ್ಲಿ ಅಮ್ಮನ, ಅಂದರೆ ನಿಮ್ಮ ಅಜ್ಜಿಯ, ಮಣ್ಣಿಗೆ 88ನೇ ಕೀರ್ತನೆ ಯಾಕೆ ಓದಲಿಲ್ಲ? ಒಂದು ವರ್ಷದಿಂದ ಕೇಳಬೇಕು ಅಂತ ಇದ್ದೆ. ನಮ್ಮ ಮನೆಯಲ್ಲಿ ಸತ್ತವರಿಗೆಲ್ಲ 88 ಓದಿದ್ದೇವೆ. ಅಪ್ಪನಿಗೂ ಓದಿದೆವು. ಅಮ್ಮನಿಗೆ ಮಾತ್ರ ಚರ್ಚಿನ ಅಯ್ಯನವರು 91 ಓದಿ ಕಳಿಸಿದರು. ನಾನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ.

(ಸುಮಾರು 40 ನಿಮಿಷ ಯಾರೂ ಏನೂ ಬರೆಯಲಿಲ್ಲ. 34 ಜನರ ಗುಂಪಿನಲ್ಲಿ 40 ನಿಮಿಷ ಎಂದರೆ ಅರ್ಥ ಮಾಡಿಕೊಳ್ಳಿ.)

ಬೆಂಗಳೂರು ಅಣ್ಣ (16:12): ಅಯ್ಯನವರದ್ದು ತಪ್ಪಿಲ್ಲ. ನಾನೇ ಹೇಳಿದೆ.

ಭದ್ರಾವತಿ ಅತ್ತೆ: ಏನು?

ಬೆಂಗಳೂರು ಅಣ್ಣ: ಅತ್ತೆ, 88 ಒಮ್ಮೆ ಓದಿ ನೋಡಿ. 18 ವಚನ. ಒಂದರಲ್ಲೂ ನಿರೀಕ್ಷೆ ಇಲ್ಲ. ಬೇರೆ ಕೀರ್ತನೆಗಳಲ್ಲಿ ಹೆಚ್ಚಿನವು ಎಷ್ಟು ಅತ್ತರೂ ಕೊನೆಗೆ ಸ್ತೋತ್ರಕ್ಕೆ ಬರುತ್ತವೆ. ಇದು ಕತ್ತಲೆಯಲ್ಲಿ ಮುಗಿಯುತ್ತದೆ. ನನ್ನ ಆಫೀಸಿನವರು, ಹೆಂಡತಿ ಮನೆಯವರು, ಹಿಂದೂ ಸ್ನೇಹಿತರು ಅಷ್ಟು ಜನ ಬಂದಿದ್ದರು. ಅವರ ಮುಂದೆ ನಮ್ಮ ದೇವರು ಕೈಬಿಟ್ಟ ಅಂತ ಓದಿಸಬೇಕಾ? ನನಗೆ ನಾಚಿಕೆಯಾಯಿತು. ಅದಕ್ಕೆ ಹೇಳಿದೆ.

ಭದ್ರಾವತಿ ಅತ್ತೆ: ನಾಚಿಕೆಯಾಯಿತಾ.

ಅಮ್ಮ: ಇಬ್ಬರೂ ಫೋನ್ ಇಡಿ. ಟೀ ಕುಡಿದು ಬನ್ನಿ.

ಅತ್ತೆ ಟೀ ಕುಡಿದು ಬಂದದ್ದು ಏಳು ನಿಮಿಷದ ವಾಯ್ಸ್ ನೋಟ್ ಜೊತೆಗೆ. ಅವರ ದನಿ ಇಲ್ಲಿ ತರಲು ಆಗುವುದಿಲ್ಲ, ಹಿಂದೆ ಕುಕ್ಕರ್ ಕೂಗುತ್ತಿತ್ತು. ಮಾತು ಸುಮಾರು ಹೀಗಿತ್ತು.

"ಅಪ್ಪ ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು ಅಂತ ನಿಮಗೆಲ್ಲ ಗೊತ್ತು. ತಂಬಿಗಳು ಅಂತ ಕರೆಯುತ್ತಿದ್ದರು ಅವರನ್ನು. 71ರ ಡಿಸೆಂಬರ್, ಪಾಕಿಸ್ತಾನದ ಶಕರ್‌ಗಢದ ಕಡೆ. ಇವರ ಕೆಲಸ ಟ್ಯಾಂಕ್ ಹೋಗಲು ನೆಲದಲ್ಲಿ ಹೂತಿಟ್ಟ ಬಾಂಬು, ಅಂದರೆ ಮೈನ್ ತೆಗೆದು ದಾರಿ ಮಾಡುವುದು. ರಾತ್ರಿಯೇ ಮಾಡಬೇಕು. ಚುಚ್ಚಿ ಚುಚ್ಚಿ ನೋಡಿ, ತೆಗೆದು, ಎರಡೂ ಬದಿಗೆ ಬಿಳಿ ಪಟ್ಟಿ ಹಾಸಿಕೊಂಡು ಹೋಗುವುದು. ಪಟ್ಟಿಯ ಒಳಗೆ ಕಾಲಿಟ್ಟರೆ ಬದುಕು. ಅಪ್ಪನ ಜೊತೆ ಒಬ್ಬ ತಮಿಳು ಹುಡುಗ ಇದ್ದ. ಅವನ ತಾಯಿ 91 ಬರೆದು ಕೊಟ್ಟಿದ್ದಳು, ಎದೆ ಜೇಬಿನಲ್ಲಿ ಇಟ್ಟುಕೊಂಡಿದ್ದ. ಎಲ್ಲರಿಗೂ ಓದಿ ಹೇಳುತ್ತಿದ್ದ, ಸಾವಿರ ಜನ ಪಕ್ಕದಲ್ಲಿ ಬಿದ್ದರೂ ನನಗೇನೂ ಆಗಲ್ಲ ಅಂತ. ಅವನೇ ಹೋದ. ಜೇಬು ಮಾತ್ರ ಚೆನ್ನಾಗಿಯೇ ಇತ್ತಂತೆ. ಅಪ್ಪನಿಗೆ ಅದೇ ಸಿಟ್ಟು, ಜೇಬು ಚೆನ್ನಾಗಿದೆ, ಚೀಟಿ ಚೆನ್ನಾಗಿದೆ, ಹುಡುಗ ಇಲ್ಲ. ಪಾದ್ರಿ ಸಾಬ್ ಬಂದಾಗ ಆ ಚೀಟಿ ಅವರ ಮುಖದ ಮುಂದೆ ಹಿಡಿದರಂತೆ. ಇದೇನು ಅಂತ ಕೇಳಿದರಂತೆ. ಪಾದ್ರಿ ಏನೂ ಸಮಾಧಾನ ಹೇಳಲಿಲ್ಲ. ಇದೇ ಕೀರ್ತನೆಯನ್ನು ಸೈತಾನನೂ ಯೇಸುವಿಗೆ ಹೇಳಿದ, ಮತ್ತಾಯ 4, ಗುಡಿಯ ಮೇಲಿಂದ ಹಾರು ನಿನಗೇನೂ ಆಗಲ್ಲ ಅಂತ, ಅಂದರಂತೆ. ಅಷ್ಟೇ. ಮಣ್ಣು ಮಾಡುವಾಗ 88 ಓದಿದರು. ಪುಸ್ತಕ ಮುಚ್ಚಿದರು. ಮೇಲೆ ಒಂದು ಉಪದೇಶವೂ ಇಲ್ಲ. ಆಮೇಲೆ ಅಪ್ಪನ ಪಕ್ಕ ಬೆಳಗಾಗುವ ತನಕ ಕೂತರು. ಅಪ್ಪ ಹೇಳುತ್ತಿದ್ದುದು ಇಷ್ಟೇ, ಅವತ್ತು ಆ ಮನುಷ್ಯ ಸುಳ್ಳು ಹೇಳಿದ್ದರೆ ನಾನು ಮತ್ತೆ ಚರ್ಚಿಗೆ ಕಾಲಿಡುತ್ತಿರಲಿಲ್ಲ. ಆ ಪಾದ್ರಿಯ ಹೆಸರು ಕೂಡ ಅಪ್ಪನಿಗೆ ಗೊತ್ತಿರಲಿಲ್ಲ. ಪಾದ್ರಿ ಸಾಬ್ ಅಷ್ಟೇ. ಆಯಿತಾ? ಈಗ ನಿನ್ನ ಸಾಕ್ಷಿಯನ್ನು ಬದಲಾಯಿಸು."

ಪುಟ್ಟಿ ಮಣಿಪಾಲ (17:40): ಅಳುತ್ತಾ ಇದ್ದೇನೆ. ಲಿಫ್ಟ್‌ನಲ್ಲಿ.

ನಾನು (17:55): ಅತ್ತೆ, ಬೆಳಿಗ್ಗೆಯ ಹಡಗಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. ಆ ನಾಲ್ವರಲ್ಲಿ ಪೋಲಿಂಗ್ ಪಾಸ್ಟರ್ ಮಗ, ಗೂಡ್ ರಬ್ಬಿಯ ಮಗ. ಪೋಲಿಂಗ್ ಹೊರಡುವ ಮೊದಲು ತನ್ನ ತಂದೆಗೆ ಕೇಳಿಕೊಂಡನಂತೆ, ನಾನು ಸುರಕ್ಷಿತವಾಗಿ ಬರಲಿ ಅಂತ ಮಾತ್ರ ಪ್ರಾರ್ಥಿಸಬೇಡಿ, ಕೆಲಸಕ್ಕೆ ತಕ್ಕವನಾಗಲಿ ಅಂತ ಪ್ರಾರ್ಥಿಸಿ ಎಂದು. ಫಾರ್ವರ್ಡ್‌ನಲ್ಲಿ ಅವನ ಬಾಯಿಗೆ 91 ತುರುಕಿದವನಿಗೆ ಇದು ಗೊತ್ತಿರಲಿಕ್ಕಿಲ್ಲ.

ತೀರ್ಥಹಳ್ಳಿ ಚಿಕ್ಕಪ್ಪ (18:20): ಅಕ್ಕ ಹೇಳಿದ್ದು ಸರಿ ಇರಬಹುದು. ಆದರೆ ನನ್ನದೊಂದು ತಕರಾರು. ಎಲ್ಲಾ ಕ್ರೆಡಿಟ್ ಪಾದ್ರಿಗೆ ಕೊಡುತ್ತಿದ್ದೀರಿ. ಅಪ್ಪ ವರ್ಷಕ್ಕೆ ಎರಡು ತಿಂಗಳು ರಜೆಗೆ ಬರುತ್ತಿದ್ದವರು. ಪಾದ್ರಿ ಒಂದು ರಾತ್ರಿ ಕೂತವರು. ಉಳಿದ ಹತ್ತು ತಿಂಗಳು ನಮ್ಮನ್ನು ಎಬ್ಬಿಸಿ, ಸಂಡೇ ಸ್ಕೂಲಿಗೆ ನಡೆಸಿಕೊಂಡು ಹೋದವಳು ಅಮ್ಮ. ಮಳೆಯಲ್ಲಿ ಗೊರಬು ಹಾಕಿಸಿಕೊಂಡು. ಗಂಡಸರ ಯುದ್ಧದ ಕಥೆ ಕೇಳಲು ಚೆನ್ನಾಗಿರುತ್ತದೆ. ಅಮ್ಮನದು ಕಥೆಯೇ ಆಗುವುದಿಲ್ಲ.

ಸಾಗರದ ಮಾವ: ಇದಕ್ಕೆ ನನ್ನ ಒಪ್ಪಿಗೆ ಇದೆ. ನಿಮ್ಮಮ್ಮ, ಅಂದರೆ ನನ್ನ ಅತ್ತೆ, ಒಮ್ಮೆ ನನ್ನನ್ನು ಮದುವೆಗೆ ಮುಂಚೆ ದಶಾಜ್ಞೆ ಹೇಳಿಸಿದ್ದರು. ಏಳರಲ್ಲಿ ತಪ್ಪಿದೆ.

ತೀರ್ಥಹಳ್ಳಿ ಚಿಕ್ಕಪ್ಪ: ಏಳರಲ್ಲೇ ಯಾಕೆ ತಪ್ಪಿದಿರಿ ಭಾವ? (ಏಳನೆಯದು ವ್ಯಭಿಚಾರ ಬೇಡ ಎನ್ನುವ ಆಜ್ಞೆ.)

ಅಮ್ಮ: ಮಕ್ಕಳಿದ್ದಾರೆ ಗುಂಪಿನಲ್ಲಿ.

ಅಜ್ಜನ ಕಪ್ಪು ಟ್ರಂಕು ಇರುವುದು ನಮ್ಮ ಮನೆಯಲ್ಲಿ. ಬಿಳಿ ಪೇಂಟಿನ ನಂಬರ್ ಇನ್ನೂ ಕಾಣುತ್ತದೆ. ತಳದಲ್ಲಿ ಮನೆಯ ಬೈಬಲ್ ಇತ್ತು. ಮಲೆನಾಡಿನ ಮಳೆಗೆ ಉಬ್ಬಿ ಇಟ್ಟಿಗೆಯ ಹಾಗಾಗಿದೆ, ಬೆನ್ನಿಗೆ ಬೂಷ್ಟು. ತೆಗೆದು 91ರ ಪುಟ ನೋಡಿದೆ. ಹೊಸದರ ಹಾಗೇ ಇದೆ. 88ರ ಪುಟದ ಕೆಳಗಿನ ಮೂಲೆ ಮೆತ್ತಗಾಗಿ ಬಟ್ಟೆಯಂತಾಗಿದೆ. ಅಲ್ಲೊಂದು ಹೆಬ್ಬೆರಳಿನ ಅಗಲದ ಕಂದು ಹಳದಿ ಕಲೆ. ಎರಡೂ ಫೋಟೋ ಹಾಕಿದೆ.

ಭದ್ರಾವತಿ ಅತ್ತೆ (20:05): ನೋಡಿದಿರಾ. ಅಪ್ಪನ ಕೈ.

ಬೆಂಗಳೂರು ಅಣ್ಣ: ಕಲೆ ಬೂಷ್ಟಿನದ್ದೂ ಇರಬಹುದು.

ತೀರ್ಥಹಳ್ಳಿ ಚಿಕ್ಕಪ್ಪ: ಬೂಷ್ಟು ಒಂದೇ ಮೂಲೆಗೆ, ಹೆಬ್ಬೆರಳಿನ ಆಕಾರದಲ್ಲಿ ಬರುತ್ತದಾ? ನನಗೆ ಅದು ಅರಿಶಿನದ ಹಾಗೆ ಕಾಣುತ್ತದೆ. ಅಪ್ಪ ಜೀವಮಾನದಲ್ಲಿ ಒಲೆ ಹತ್ತಿರ ಹೋದವರಲ್ಲ.

ಸೊರಬದ ಅತ್ತಿಗೆ (20:14): ಸೋಪು ಹಚ್ಚಿ ನೋಡಿ. ಅರಿಶಿನವಾದರೆ ಕೆಂಪಾಗುತ್ತದೆ. ಓಕುಳಿಗೆ ಸುಣ್ಣ ಹಾಕಿದ ಹಾಗೆ.

ನಾನು ಕಡ್ಡಿಗೆ ಹತ್ತಿ ಸುತ್ತಿ, ಬಟ್ಟೆ ಸೋಪಿನ ನೀರಲ್ಲಿ ಅದ್ದಿ, ಕಲೆಯ ತುದಿಗೆ ಸಾಸಿವೆ ಕಾಳಿನಷ್ಟು ಮುಟ್ಟಿಸಿದೆ. ಅಮ್ಮ ಟಾರ್ಚ್ ಹಿಡಿದಿದ್ದಳು. ಕೆಂಪಾಯಿತು. ಇಟ್ಟಿಗೆ ಕೆಂಪು. ಫೋಟೋ ಹಾಕಿದೆ.

ಭದ್ರಾವತಿ ಅತ್ತೆ (20:31): ಅಮ್ಮನ ಬೈಬಲಿಗೆ ಸೋಪು ಹಚ್ಚಿದೆಯಾ!! ನಿನಗೆ ಬುದ್ಧಿ ಇದೆಯಾ?

ಇದರಲ್ಲಿ ಒಂದು ಗಮನಿಸಿ. ಸಂಜೆ ತನಕ ಅತ್ತೆಗೆ ಅದು ಅಪ್ಪನ ಬೈಬಲ್. ಸೋಪು ಹಚ್ಚಿದ ಮೇಲೆ ಅಮ್ಮನದು. ಅವರಿಗೇ ಗೊತ್ತಾಗಲಿಲ್ಲ ಅನ್ನಿಸುತ್ತದೆ.

ಪುಟ್ಟಿ ಮಣಿಪಾಲ: ಅಜ್ಜಿ ಒಬ್ಬರೇ ಕೂತು 88 ಯಾಕೆ ಓದುತ್ತಿದ್ದರು? ಮೂಲೆ ಸವೆಯುವಷ್ಟು?

(20:34ರಿಂದ 21:20ರ ತನಕ ಅತ್ತೆಯ ಹೆಸರಿನ ಕೆಳಗೆ "ಟೈಪ್ ಮಾಡುತ್ತಿದ್ದಾರೆ" ಬಂದು ಬಂದು ಹೋಗುತ್ತಿತ್ತು.)

ಭದ್ರಾವತಿ ಅತ್ತೆ (21:20): ತಮ್ಮ ಒಬ್ಬ ಇದ್ದ. ನಿಮಗೆ ಹೆಚ್ಚಿಗೆ ಹೇಳಿಲ್ಲ. 79ರ ಮಳೆಗಾಲದಲ್ಲಿ ತುಂಗೆಗೆ ಬಿದ್ದ. ಆರು ವರ್ಷ. ಅಪ್ಪನಿಗೆ ತಾರು ಹೋಗಿ, ರೈಲು ಹಿಡಿದು ಬರುವಷ್ಟರಲ್ಲಿ ನಾಲ್ಕು ದಿನ. ಮಣ್ಣು ಮುಗಿದಿತ್ತು. ಅವತ್ತಿನ ಅಯ್ಯನವರಿಗೆ ಅಮ್ಮನೇ ಹೇಳಿದಳು, 88 ಓದಿ ಎಂದು. ಅವರು ಯಾಕೆ ಅಂತ ಕೇಳಲಿಲ್ಲ. ಓದಿದರು. ರಾತ್ರಿ ನಮ್ಮ ಜಗಲಿಯ ಮೇಲೆ ಕೂತಿದ್ದರು, ಕಂಬಳಿ ಹೊದ್ದುಕೊಂಡು, ಅಪ್ಪ ಬರುವ ತನಕ ದಿನಾ ಬಂದು ಕೂರುತ್ತಿದ್ದರು. ಒಳಗೆ ಕೂಡ ಬರುತ್ತಿರಲಿಲ್ಲ. ಅಮ್ಮ ಆಮೇಲೆ ಓದುತ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ಒಲೆ ಮುಂದೆ ಕೂತು ಏನೋ ಗುಣುಗುತ್ತಿದ್ದಳು. ನಾನು ಹಾಡು ಅಂದುಕೊಂಡಿದ್ದೆ.

ತೀರ್ಥಹಳ್ಳಿ ಚಿಕ್ಕಪ್ಪ (21:26): ನನಗೆ ಆಗ ಮೂರು ವರ್ಷ. ಅಕ್ಕ, ನನಗೂ ಹಾಡು ಅಂತಲೇ ನೆನಪು.

ಬೆಂಗಳೂರು ಅಣ್ಣ (21:50): ಅತ್ತೆ. ಮಾರ್ಚಿಗೆ ಅಜ್ಜಿಯ ವರ್ಷದ ಪ್ರಾರ್ಥನೆ ಇದೆಯಲ್ಲ. ಅಯ್ಯನವರಿಗೆ ನಾನು ಫೋನ್ ಮಾಡುತ್ತೇನೆ. ಅವರು ಒಪ್ಪದಿದ್ದರೆ ನಾನೇ ಓದುತ್ತೇನೆ. ನನಗೆ ಆ ಕೀರ್ತನೆ ಇನ್ನೂ ಹಿಡಿಸುವುದಿಲ್ಲ, ಅದು ಬೇರೆ ಮಾತು.

ಭದ್ರಾವತಿ ಅತ್ತೆ: ಹಿಡಿಸಬೇಕಾಗಿಲ್ಲ. ಓದು ಸಾಕು. ಊಟಕ್ಕೆ ಎಷ್ಟು ಜನ ಹೇಳು, ಅಕ್ಕಿ ತರಿಸಬೇಕು.

ಸಾಗರದ ಮಾವ: ಬೆಳಿಗ್ಗೆಯ ಫಾರ್ವರ್ಡ್ ಡಿಲೀಟ್ ಮಾಡಲೇ?

ಭದ್ರಾವತಿ ಅತ್ತೆ (22:24): ಬೈಬಲ್ ಒದ್ದೆಯಾಗಿದೆ. ನಾಳೆ ಬಿಸಿಲಿಗೆ ಇಡು. ಬೂಷ್ಟೂ ಹೋಗುತ್ತದೆ.

ಸೊರಬದ ಅತ್ತಿಗೆ (22:27): ಬಿಸಿಲು ಬೇಡ. ಅರಿಶಿನ ಬಿಸಿಲಿಗೆ ಹೋಗಿಬಿಡುತ್ತದೆ.

ಭದ್ರಾವತಿ ಅತ್ತೆ (22:29): ಹಾಗಾದರೆ ಬೇಡ. ಬೂಷ್ಟು ಇದ್ದರೆ ಇರಲಿ. ಟ್ರಂಕಿನಲ್ಲೇ ಇಡು.